ಮಲಕಪ್ಪ ಸಾವಕಾರರ ಸ್ಮರಣಾರ್ಥ ಏಳು ಬಣ್ಣ

ಪರಶುವಿನ ಡಬ್ಬಿಯಲ್ಲಿ ಕೆಂಪು ಬಣ್ಣ ಉಳಿದಿತ್ತು. ತೊಂದರೆಯ ಮೂಲ ಇಷ್ಟೇ.

ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದೇ ಒಂದು ಸಾಲು ಬರೆಯಲು ಹೇಳಿ ಕಳಿಸಿದ್ದರು: ‘ದಿವಂಗತ ಮಲಕಪ್ಪ ಸಾವಕಾರರ ಸ್ಮರಣಾರ್ಥ.’ ಆದರೆ ಇಂಡಿ ಊರಿನ ಪೇಂಟರ್ ಪರಶು ಬಣ್ಣ ಉಳಿಸಿಕೊಂಡು ಮನೆಗೆ ಹೋಗುವ ಮನುಷ್ಯನಲ್ಲ. ಗುಡಿಯ ಫ್ಯಾನಿಗೆ ದಾನಿಯ ಹೆಸರು ಬರೆ ಎಂದರೆ ಮೂರೂ ರೆಕ್ಕೆಗಳ ಮೇಲೆ ಬರೆಯುವವನು. ಟ್ಯೂಬ್‌ಲೈಟಿಗೆ ಬರೆ ಎಂದರೆ ಈ ತುದಿಯಿಂದ ಆ ತುದಿಯವರೆಗೆ ಬರೆದು, ಬೆಳಕು ಅಕ್ಷರಗಳ ಸಂದಿಯಿಂದ ಇಣುಕಿ ನೋಡುವಂತೆ ಮಾಡುವವನು.

ರಸಾಯನಶಾಸ್ತ್ರ ಕಲಿಸುವ ದುಂಡೇಶ ಆ ಬೆಳಿಗ್ಗೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಪೆಟ್ಟಿಗೆಯ ಮುಂದೆ ನಿಂತು, ಮದುವೆಗೆ ಹೋಗಿ ಬೇರೆ ಮಂಟಪ ಹೊಕ್ಕವನಂತೆ ಕಣ್ಣು ಕಣ್ಣು ಬಿಟ್ಟ. ಹೆಸರಿನಲ್ಲಿದ್ದ ದುಂಡು ಅವನ ಮೈಯಲ್ಲಿ ಎಲ್ಲೂ ಇರಲಿಲ್ಲ. ಇದ್ದಷ್ಟು ಮೈಯೂ ಈಗ ತಣ್ಣಗಾಯಿತು.

ಆ ಪೆಟ್ಟಿಗೆ ಅವನ ಕೈಯಿಂದಲೇ ಹುಟ್ಟಿದ ಕೂಸು. ಬೆಳಕನ್ನು ದ್ರಾವಣದೊಳಗೆ ಹಾಯಿಸಿ, ಯಾವ ಬಣ್ಣ ಎಷ್ಟು ಕಡಿಮೆಯಾಯಿತು ಎಂದು ನೋಡಿ, ದ್ರಾವಣದಲ್ಲಿ ಏನು ಎಷ್ಟಿದೆ ಎಂದು ಹೇಳುವ ಯಂತ್ರ ಬಿ.ಎಸ್ಸಿ. ಹುಡುಗರ ಪುಸ್ತಕದಲ್ಲಿ ಇತ್ತು, ಕಾಲೇಜಿನಲ್ಲಿ ಇರಲಿಲ್ಲ. ಕಂಪನಿಯ ಯಂತ್ರದ ಬೆಲೆಗೆ ಒಂದು ಟ್ರ್ಯಾಕ್ಟರ್ ಬರುತ್ತದೆ ಎಂದು ಪ್ರಿನ್ಸಿಪಾಲರು ಪ್ರತಿವರ್ಷ ಹೇಳುತ್ತಿದ್ದರು, ಟ್ರ್ಯಾಕ್ಟರನ್ನೂ ತರಿಸುತ್ತಿರಲಿಲ್ಲ. ಹುಡುಗರು ಹಿಂದಿನ ವರ್ಷದವರ ಅಂಕಿಗಳನ್ನು ನೋಡಿ ಬರೆದು ಪಾಸಾಗುತ್ತಿದ್ದರು. ಆ ಹಿಂದಿನವರು ಅದಕ್ಕೂ ಹಿಂದಿನವರದನ್ನು ನೋಡಿ ಬರೆದಿದ್ದರು. ಯಾರೂ ಕಾಣದ ಬೆಳಕನ್ನು ಎಲ್ಲರೂ ಅಳೆದಿದ್ದೇವೆ ಎಂದು ಬರೆಯುವುದು ದುಂಡೇಶನನ್ನು ಪಾಠದ ನಡುವೆ ಸುಮ್ಮನಾಗಿಸುತ್ತಿತ್ತು. ಸೀಮೆಸುಣ್ಣ ಹಿಡಿದ ಕೈ ಹಲಗೆಯ ಮೇಲೆ ನಿಂತೇ ಬಿಡುತ್ತಿತ್ತು. ಹುಡುಗರು ಅದನ್ನು ಹೊಟ್ಟೆನೋವು ಎಂದುಕೊಂಡಿದ್ದರು.

ಕೊನೆಗೆ ಅವನು ಪ್ಲೈವುಡ್ಡಿನ ಒಂದು ಪೆಟ್ಟಿಗೆ ಮಾಡಿಸಿದ. ಗಡ್ಡದ ಬ್ಲೇಡನ್ನು ಎರಡು ಹೋಳು ಮಾಡಿ, ಕೂದಲು ತೂರುವಷ್ಟು ಸಂದಿ ಬಿಟ್ಟು ಒಂದು ಬದಿಗೆ ಅಂಟಿಸಿದ. ಒಳಗೆ ಹಳೆಯ ಸಿ.ಡಿ.ಯ ಒಂದು ಚೂರು ನಿಲ್ಲಿಸಿದ. ಬಲ್ಬಿನ ಬೆಳಕು ದ್ರಾವಣ ಹಾಯ್ದು, ಸಂದಿಯಿಂದ ನುಗ್ಗಿ, ಸಿ.ಡಿ. ಚೂರಿಗೆ ತಾಗಿ ಏಳು ಬಣ್ಣವಾಗಿ ಬಿಚ್ಚಿಕೊಳ್ಳುತ್ತಿತ್ತು. ಮೇಲಿನ ತೂತಿಗೆ ಮೊಬೈಲ್ ಫೋನಿನ ಕ್ಯಾಮೆರಾ ಇಟ್ಟರೆ ಆ ಬಣ್ಣಗಳು ಪರದೆಯ ಮೇಲೆ ಮಲಗಿರುತ್ತಿದ್ದವು. ಒಟ್ಟು ಖರ್ಚು ಒಂದು ಜೊತೆ ಚಪ್ಪಲಿಗಿಂತ ಕಡಿಮೆ. ಆ ಖರ್ಚನ್ನೂ ಝಳಕಿಯ ಲಿಂಬೆ ವ್ಯಾಪಾರಿ ಚಂದಪ್ಪ ಸಾವಕಾರರು ಕೊಟ್ಟಿದ್ದರು, ತಮ್ಮ ತಂದೆಯ ಹೆಸರು ಬರೆಯಬೇಕೆಂಬ ಒಂದೇ ಕರಾರಿನ ಮೇಲೆ.

ಈಗ ಬ್ಲೇಡಿನ ಸಂದಿ ಇದ್ದಲ್ಲಿ ನುಣ್ಣಗೆ ಬಿಳಿ ಪುಟ್ಟಿ ಮೆತ್ತಿತ್ತು. ಅದರ ಮೇಲೆ ಕೆಂಪಿನಲ್ಲಿ ‘ಮಲಕಪ್ಪ’ ಎಂದಿತ್ತು.

ಅಷ್ಟರಲ್ಲಿ ಪರಶುವೇ ಬಂದ, ಕಿವಿಯಲ್ಲಿ ಬ್ರಷ್ ಸಿಗಿಸಿಕೊಂಡು.

“ಹೆಂಗ ಐತ್ರಿ ಸರ?”

“ಪರಶು, ಇಲ್ಲೊಂದು ಸಂದಿ ಇತ್ತಲ್ಲೋ!”

“ಇತ್ರಿ. ಹೊಸಾ ಪೆಟಿಗಿ, ಆಗಳೇ ಸೀಳಿ ಬಿಟ್ಟಿತ್ತು. ನಾನ ಪುಟ್ಟಿ ಹಚ್ಚಿ ಮುಚ್ಚೇನಿ. ರೊಕ್ಕ ಏನ್ ಬ್ಯಾಡ್ರಿ ಅದಕ್ಕ.”

“ಒಳಗ ಕರೀ ಬಣ್ಣ ಹಚ್ಚಿದ್ದೆ ನಾನು...”

“ಅಯ್ಯ, ಸತ್ತವರ ಹೆಸರಿನ ಸಾಮಾನು, ಒಳಗ ಕಗ್ಗತ್ತಲಿ ಇಟ್ರ ಹೆಂಗ್ರಿ? ಬೆಳ್ಳಿ ಬಣ್ಣ ಹೊಡದೇನಿ. ಕನ್ನಡಿ ಆಗೈತಿ ನೋಡ್ರಿ, ಬೇಕಾದ್ರ ತಲಿ ಹಿಕ್ಕೋಬಹುದು.”

ಆಮೇಲೆ ದುಂಡೇಶನ ಕಣ್ಣು ಕ್ಯುವೆಟ್ಟುಗಳ ಮೇಲೆ ಬಿತ್ತು. ದ್ರಾವಣ ಹಾಕಿ ಬೆಳಕಿಗೆ ಹಿಡಿಯುವ, ಬೆರಳುದ್ದದ ಚೌಕ ಗಾಜಿನ ನಳಿಗೆಗಳು ಅವು. ಪ್ರತಿಯೊಂದಕ್ಕೂ ನಾಲ್ಕು ಮುಖ. ಪರಶುವಿನ ಸಾಲಿನಲ್ಲಿ ನಾಲ್ಕು ಶಬ್ದ. ದೇವರೇ ಲೆಕ್ಕ ಹಾಕಿ ಕೊಟ್ಟಂತೆ ಮುಖಕ್ಕೊಂದು ಶಬ್ದ ಕೂತಿತ್ತು: ದಿವಂಗತ, ಮಲಕಪ್ಪ, ಸಾವಕಾರರ, ಸ್ಮರಣಾರ್ಥ. ಬೆಳಕು ಯಾವ ಕಡೆಯಿಂದ ಬಂದರೂ ಸಾವಕಾರರ ತಂದೆಗೆ ನಮಸ್ಕಾರ ಹೇಳಿ ವಾಪಸ್ಸು ಹೋಗಬೇಕಿತ್ತು.

“ಸಣ್ಣ ಗಾಜ್ರಿ. ಕೈ ನಡುಗಬಾರದು ಅಂತ ಉಸರ ಬಿಗಿ ಹಿಡದು ಬರದೇನಿ,” ಎಂದು ಪರಶು ಹೆಮ್ಮೆಯಿಂದ ಹೇಳಿ, ಕಾಲೇಜಿನ ದೊಡ್ಡ ಹಾಲಿನಲ್ಲಿರುವ ಗಾಜಿನ ಕಪಾಟಿನ ಮೇಲೂ ಹೆಸರು ಬರೆಯುವುದಿದೆ ಎಂದು ಹೊರಟುಹೋದ.

ಅವನು ಹೋದ ಮೇಲೆ ಕೋಣೆಯಲ್ಲಿ ಉಳಿದ ಮೌನ ಪರೀಕ್ಷೆಯ ಹಾಲಿನದಾಗಿತ್ತು. ಪ್ರಶ್ನೆಪತ್ರಿಕೆ ಕೈಗೆ ಬಂದು, ಯಾವುದೂ ಗೊತ್ತಿಲ್ಲ ಎಂದು ತಿಳಿದ ಮೊದಲ ನಿಮಿಷದ್ದು.

ಮಧ್ಯಾಹ್ನದೊಳಗೆ ವಿಶ್ವವಿದ್ಯಾಲಯದಿಂದ ಸುವರ್ಣಾ ಮೇಡಂ ಈ ಯಂತ್ರ ನೋಡಲು ಬರುವವರಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ನಾಲ್ಕು ಊರಲ್ಲಿ ಕಾಲೇಜು ನಡೆಸುವ ದುಂಡೇಶನ ಸಂಸ್ಥೆಯ ಆಡಳಿತ ಮಂಡಳಿ ಅದೇ ದಿನ ಮುದ್ದೇಬಿಹಾಳದಲ್ಲಿ ಸಭೆ ಸೇರಿತ್ತು. ಮೇಡಂ ಒಪ್ಪಿದರೆ ನಾಲ್ಕೂ ಕಡೆ ಇಂಥ ಪೆಟ್ಟಿಗೆ. ಜೊತೆಗೆ, ಇಂಡಿಯಲ್ಲಿ ತಾಸಿನ ಲೆಕ್ಕದಲ್ಲಿ ರಸಾಯನಶಾಸ್ತ್ರ ಕಲಿಸುವ ಇಬ್ಬರಲ್ಲಿ ಒಬ್ಬನಿಗೆ ಕಾಯಂ ನೌಕರಿ. ಒಬ್ಬ ದುಂಡೇಶ. ಇನ್ನೊಬ್ಬ ಅವನ ಗೆಳೆಯ ಅಮಿತ. ಉಳಿದವನಿಗೆ ಬರುವ ವರ್ಷ ತಾಸೂ ಇಲ್ಲ, ಲೆಕ್ಕವೂ ಇಲ್ಲ.

ಸಂಸ್ಥೆಯ ಕಾರ್ಯದರ್ಶಿಗಳದು ಒಂದು ಪದ್ಧತಿ. ಯಾರನ್ನು ತೆಗೆದುಕೊಳ್ಳಬೇಕು ಎಂದು ಮಂಡಳಿ ತೀರ್ಮಾನಿಸಿದ ಕೂಡಲೇ ಎಲ್ಲರೆದುರು ಅವನಿಗೆ ಫೋನು ಹಚ್ಚುವರು. “ನಾಳಿಂದ ಬರ್ತೀಯೇನು?” ಎಂದು ಕೇಳುವರು. “ಬರ್ತೇನ್ರಿ” ಎಂದರೆ ನೌಕರಿ. ಫೋನು ಎತ್ತದಿದ್ದರೆ “ಈಗಳೇ ಇಷ್ಟು ಸೊಕ್ಕು” ಎಂದು ಮುಂದಿನವನಿಗೆ ಹಚ್ಚುವರು. ಒಬ್ಬನಿಗೆ ಎರಡನೇ ಸಲ ಹಚ್ಚಿದ್ದು ಇತಿಹಾಸದಲ್ಲಿಲ್ಲ. ಸಿಂದಗಿಯ ಗ್ರಂಥಪಾಲಕನ ನೌಕರಿ ಹೀಗೇ ಹೋಯಿತು, ಫೋನು ಬಂದಾಗ ಅವನು ಬಚ್ಚಲಲ್ಲಿದ್ದ. ಈಗ ಅಣ್ಣನ ಗೊಬ್ಬರದ ಅಂಗಡಿಯಲ್ಲಿ ಕೂಡುತ್ತಾನೆ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸ್ನಾನಕ್ಕೂ ಒಯ್ಯುತ್ತಾನೆ.

ದುಂಡೇಶನ ಸಂಕಟ ಅದಕ್ಕಿಂತ ದೊಡ್ಡದು. ನೌಕರಿ ಕೊಡಿಸಬೇಕಾದ ಯಂತ್ರಕ್ಕೆ ಫೋನು ಬೇಕು. ನೌಕರಿ ಬರಬೇಕಾದದ್ದೂ ಅದೇ ಫೋನಿಗೆ.

ಅಮಿತ ಬಂದ. ದಪ್ಪಗೆ, ನಗುಮುಖದವನು. ಆ್ಯಸಿಡ್ಡಿನ ಬಾಟಲಿ ಕಂಡರೆ ಬಾಗಿಲಲ್ಲೇ ನಿಂತು ಪಾಠ ಮಾಡುವವನು. ಪೆಟ್ಟಿಗೆ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ.

“ಯಪ್ಪಾ! ಏನ್ರಿ ಇದು, ಗೋರಿ ಕಟ್ಯಾರಲ್ರಿ!”

“ಅಮಿತ, ನಿನ್ನ ಫೋನ್ ಕೊಡೋ. ಮಷಿನ್‌ಗೆ ನಿಂದು ಹಚ್ಚತೇನಿ, ನಂದು ಕೈಯಾಗ ಇರ್ಲಿ.”

ಅಮಿತ ಕಿಸೆ ತಟ್ಟಿಕೊಂಡ. “ಚಾರ್ಜ್ ಸತ್ತ ಹೋಗೇತ್ರಿ ಸರ. ರಾತ್ರಿ ನಮ್ಮ ಓಣ್ಯಾಗ ಕರೆಂಟ ಇರ್ಲಿಲ್ಲ. ನೀವ್ಯಾಕ ಅಂಜತೀರಿ? ನೌಕರಿ ನಿಮಗಾ. ನನಗೇನ ಆಶಾ ಇಲ್ಲ. ನಿಮಗ ಆದ್ರ ನನಗ ಆಧಂಗ.”

ಎಷ್ಟು ಒಳ್ಳೆಯವನು ಎಂದುಕೊಂಡ ದುಂಡೇಶ. ಹಾಗೆಂದುಕೊಂಡದ್ದಕ್ಕೆ ಕಣ್ಣೂ ಸ್ವಲ್ಪ ಒದ್ದೆಯಾಯಿತು. ಪುಟ್ಟಿಯ ಧೂಳೂ ಇರಬಹುದು.

ಇಬ್ಬರೂ ಕೆಲಸಕ್ಕೆ ಬಿದ್ದರು. ದುಂಡೇಶ ಹೊಸ ಬ್ಲೇಡು ತಂದು ಪುಟ್ಟಿ ಕೆರೆದು ಸಂದಿ ತೆರೆದ, ಬೆರಳನ್ನೂ ಸ್ವಲ್ಪ ತೆರೆದುಕೊಂಡ. ಒಳಗಿನ ಬೆಳ್ಳಿ ಬಣ್ಣ ಮಾತ್ರ ಬಿಡಲಿಲ್ಲ. ಬಲ್ಬು ಹಚ್ಚಿದರೆ ಪೆಟ್ಟಿಗೆಯೊಳಗೆ ಬೆಳಕು ಎಲ್ಲ ಗೋಡೆಗೂ ಬಡಿದು, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನಂತೆ ದಿಕ್ಕೆಟ್ಟು ಓಡುತ್ತಿತ್ತು. ಒಳಗೆ ಕಪ್ಪು ಬೇಕೇ ಬೇಕು.

“ಕರೀ ಅರಿವಿ ಹಚ್ಚೂಣು,” ಎಂದು ಅಮಿತ ಹೊರಗೆ ಹೋಗಿ, ಬರುವಾಗ ಒಂದು ಕಪ್ಪು ಛತ್ರಿ ತಂದ.

“ಇದು ಪ್ರಿನ್ಸಿಪಾಲ್ ಸಾಹೇಬ್ರದಲ್ಲೇನೋ?”

“ಮಳಿ ಎಲ್ಲೈತ್ರಿ ಈಗ? ಮಡಚಿ ಇಟ್ರ ಯಾರಿಗೆ ಗೊತ್ತಾಕ್ಕೈತಿ? ಒಂದ ಪಾಲ ಕತ್ತರಿಸೂಣು, ನೌಕರಿ ಬಂದ ಮ್ಯಾಲ ಹೊಸಾದು ಕೊಡಸ್ರಿ.”

ದುಂಡೇಶನ ಮನಸ್ಸು ಬೇಡ ಎಂದಿತು. ಕೈ ಕತ್ತರಿ ತೆಗೆದುಕೊಂಡಿತು. ಭಯದಲ್ಲಿರುವ ಮನುಷ್ಯನ ಕೈಗಳು ಯಾವಾಗಲೂ ಅವನಿಗಿಂತ ಮುಂದೆ ಇರುತ್ತವೆ. ಛತ್ರಿಯ ಒಂದು ಪಾಲು ಪೆಟ್ಟಿಗೆಯೊಳಗೆ ಕೂತಿತು. ಉಳಿದ ಛತ್ರಿ ಮಡಚಿಕೊಂಡು, ಏನೂ ಆಗಿಲ್ಲದಂತೆ ಪ್ರಿನ್ಸಿಪಾಲರ ಕೋಣೆಯ ಮೂಲೆಗೆ ಮರಳಿತು.

ಇನ್ನು ಉಳಿದದ್ದು ಕ್ಯುವೆಟ್ಟು. ಬೆಳಕು ಹಾಯಲು ಎದುರುಬದುರಿನ ಎರಡು ಮುಖ ತಿಳಿಯಾದರೆ ಸಾಕು. ಅಸಿಟೋನ್ ಇತ್ತು, ಹತ್ತಿ ಇತ್ತು. ಪ್ರಶ್ನೆ ಬೇರೆಯದು. ಯಾವ ಎರಡು?

“ಒಂದನೇದು ಮೂರನೇದು ಅಳಸಿದ್ರ ‘ಮಲಕಪ್ಪ ಸ್ಮರಣಾರ್ಥ’ ಅಂತ ಉಳೀತೈತಿ,” ಅಮಿತ ಬೆರಳು ಮಡಚಿದ. “ಅವರಪ್ಪನ್ನ ಬರೇ ಹೆಸರ ಹಿಡದು ಕರದವರು ಝಳಕ್ಯಾಗ ಯಾರೂ ಹುಟ್ಟಿಲ್ಲ. ಚಂದಪ್ಪ ಸಾವಕಾರ ಹಲ್ಲ ಮುರೀತಾರ.”

“ಎರಡನೇದು ನಾಕನೇದು ಅಳಸಿದ್ರ?”

“‘ದಿವಂಗತ ಸಾವಕಾರರ.’ ಗೌರವ ಐತಿ. ಸಂಬಂಧಪಟ್ಟವರಿಗೆ ತಿಳೀತೈತಿ.”

ಹಾಗೇ ಆಯಿತು. ಒರೆಸಿ ಸಾಲಾಗಿ ನಿಲ್ಲಿಸಿದಾಗ ಎಲ್ಲ ಕ್ಯುವೆಟ್ಟುಗಳೂ ಒಂದೇ ಮುಖ ತೋರಿಸಿ ನಿಂತವು. ದಿವಂಗತ, ದಿವಂಗತ, ದಿವಂಗತ. ದುಂಡೇಶ ಅವನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದ.

ಫೋನಿನ ಗಂಟೆಯನ್ನು ಪೂರ್ತಿ ಏರಿಸಿ, ಪೆಟ್ಟಿಗೆಯ ತೂತಿನ ಮೇಲೆ ಇಟ್ಟ. ಕ್ಯಾಮೆರಾ ಕೂದಲೆಳೆಯಷ್ಟು ಜರುಗಿದರೂ ಬಣ್ಣ ತಪ್ಪುತ್ತದೆ. ಅಮಿತ ಅಗಲವಾದ ಅಂಟುಪಟ್ಟಿ ತಂದು ಫೋನಿಗೂ ಪೆಟ್ಟಿಗೆಗೂ ಸೇರಿಸಿ ಸುತ್ತಿದ, ಸುತ್ತಿದ, ಮುರಿದ ಕಾಲಿಗೆ ಪಟ್ಟಿ ಕಟ್ಟಿದಂತೆ ಸುತ್ತಿದ. ನಡುವೆ ಪರದೆಯಷ್ಟೇ ಕಾಣುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಬಂದರು. ಮುಂದೆ ಪ್ರಿನ್ಸಿಪಾಲ್ ಚನ್ನಬಸಯ್ಯ, ನಡುವೆ ಸುವರ್ಣಾ ಮೇಡಂ, ಹಿಂದೆ ಬಿಳಿ ಅಂಗಿಯ ಚಂದಪ್ಪ ಸಾವಕಾರರು. ಅವರ ಜೊತೆಗೆ ಲಿಂಬೆಹಣ್ಣಿನ ವಾಸನೆಯೂ ಬಂತು. ಸಾವಕಾರರು ಮುಚ್ಚಳದ ಮೇಲಿನ ಹೆಸರಿಗೆ ಕೈಮುಗಿದರು. ಪ್ರಿನ್ಸಿಪಾಲರೂ ಮುಗಿದರು. ಏನು ಮಾಡಬೇಕೆಂದು ತಿಳಿಯದೆ ಮೇಡಂ ಕನ್ನಡಕ ಸರಿಮಾಡಿಕೊಂಡರು.

“ಯಾರು ಮಾಡಿ ತೋರಸ್ತೀರಿ? ನೀವ ಮಾಡಬ್ಯಾಡ್ರಿ, ವಿದ್ಯಾರ್ಥಿಗಳು ಮಾಡ್ಲಿ,” ಎಂದರು ಮೇಡಂ.

ಕೊನೆಯ ವರ್ಷದ ಪಲ್ಲವಿ ಮುಂದೆ ಬಂದಳು. ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ ದ್ರಾವಣ, ತಿಳಿಯಿಂದ ಗಾಢದವರೆಗೆ. ಮೊದಲು ಬರೀ ನೀರಿನ ಕ್ಯುವೆಟ್ಟು ಇಟ್ಟಳು. ಪರದೆಯ ಮೇಲೆ ಏಳು ಬಣ್ಣ ಬಿಚ್ಚಿಕೊಂಡಿತು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಈ ಮೌನ ದುಂಡೇಶನಿಗೆ ಹೊಸದು, ಅದರಲ್ಲಿ ಅವನಿಗೆ ಭಯವಿರಲಿಲ್ಲ.

ನೇರಳೆ ದ್ರಾವಣ ಇಟ್ಟಾಗ ನಡುವಿನ ಹಸಿರು ಮಸುಕಾಯಿತು.

“ಹಸರ ಎಲ್ಲಿ ಹೋತು?” ಸಾವಕಾರರು ಗಾಬರಿಯಾದರು. “ಈಗ ಇತ್ತಲಾ?”

“ದ್ರಾವಣ ನುಂಗಿತ್ರಿ ಅಜ್ಜಾರ,” ಎಂದಳು ಪಲ್ಲವಿ. “ಬಣ್ಣ ಎಷ್ಟು ದಟ್ಟ ಆಕ್ಕೈತಿ, ಅಷ್ಟು ಹೆಚ್ಚಿಗಿ ನುಂಗತೈತಿ. ಎಷ್ಟು ನುಂಗಿತು ಅಂತ ನೋಡಿ ಒಳಗ ಎಷ್ಟು ಐತಿ ಅಂತ ಹೇಳಬಹುದು.”

“ಅಂದ್ರ ನಮ್ಮ ಲೆಕ್ಕ ಬರಿಯೂ ಮುನೀಮ ಇದ್ದಂಗ,” ಎಂದರು ಸಾವಕಾರರು. “ಅವನ ಹೊಟ್ಟಿ ನೋಡೇ ನನ್ನ ವ್ಯಾಪಾರ ಹೇಳಬಹುದು.”

ಅದೇ ಹೊತ್ತಿಗೆ ಏಳು ಬಣ್ಣಗಳನ್ನು ಒದ್ದು ಪರದೆಯ ಮೇಲೆ ‘ಅವ್ವ’ ಎಂದು ಮೂಡಿತು. ಫೋನಿನಲ್ಲಿ ಹಲಗೆ ವಾದ್ಯದ ಬಡಿತ ಶುರುವಾಯಿತು. ದುಂಡೇಶ ಇಟ್ಟುಕೊಂಡಿದ್ದ ಗಂಟೆ ಅದು, ಸತ್ತವರೂ ಎದ್ದು ಕೂಡುವಂಥದು. ಅವನು ಹಾರಿ ಬಂದು ಎತ್ತಿದ. ಪಟ್ಟಿ ಸುತ್ತಿದ್ದರಿಂದ ಕಿವಿಗೆ ಹಿಡಿಯಲಾಗದೆ, ಕಿವಿಯನ್ನೇ ಪೆಟ್ಟಿಗೆಗೆ ಒಯ್ಯಬೇಕಾಯಿತು. ದನಿ ಎಲ್ಲರಿಗೂ ಕೇಳಿತು.

“ದುಂಡ್ಯಾ, ನೌಕರೀ ಫೋನ್ ಬಂತೇನೋ?”

“ಇಲ್ಲಬೇ. ಇಡು.”

“ಬಂದ ಮ್ಯಾಲ ಹೇಳು. ಪಲ್ಯಾ ಒಲಿ ಮ್ಯಾಲ ಐತಿ, ಬೆಲ್ಲದ ಹುಗ್ಗಿಗೆ ಇಡ್ಲೋ ಬ್ಯಾಡೋ?”

ಅವನ ತಾಯಿ ರುಕ್ಮವ್ವ ಬೆಳಗಿನಿಂದ ಇದನ್ನು ಕೇಳುತ್ತಲೇ ಇದ್ದಳು. ಮೇಡಂ ಮುಖ ತಿರುಗಿಸಿ ನಕ್ಕರು. ದುಂಡೇಶ ಫೋನು ಕತ್ತರಿಸಿದ. ಪಲ್ಲವಿ ಒಂದೊಂದೇ ದ್ರಾವಣ ಇಟ್ಟು, ಅಂಕಿ ತೆಗೆದು, ಹಲಗೆಯ ಮೇಲೆ ಚುಕ್ಕಿ ಇಟ್ಟಳು. ಚುಕ್ಕಿಗಳ ನಡುವೆ ಗೆರೆ ಎಳೆದಳು. ಗೆರೆ ಬಾಗಿಲ ಚೌಕಟ್ಟಿನಷ್ಟು ನೆಟ್ಟಗೆ ಬಂತು.

ಮೇಡಂ ಹಲಗೆಯ ಹತ್ತಿರ ಹೋಗಿ ನೋಡಿದರು. “ಮೂರನೇ ಚುಕ್ಕಿ ಸ್ವಲ್ಪ ಕೆಳಗ ಐತಲ್ಲ?”

ದುಂಡೇಶ ಹಲಗೆಯ ಕಡೆ ಎರಡು ಹೆಜ್ಜೆ ಇಟ್ಟ.

“ಐತ್ರಿ ಮೇಡಂ. ನಾ ತಿದ್ದಿಲ್ಲ. ಬಂದದ್ದನ್ನ ಇಟ್ಟೇನಿ,” ಎಂದಳು ಪಲ್ಲವಿ.

“ಅದ ಬೇಕಾಗಿತ್ತು ನನಗ,” ಎಂದರು ಮೇಡಂ. “ಎಲ್ಲಾ ಚುಕ್ಕಿ ಸರಿ ಕುಂತ ಗೆರಿ ಭಾಳ ನೋಡೇನಿ. ಅವೆಲ್ಲಾ ನಕಲು. ಇದು ಖರೇ.” ಅಲ್ಲೇ ನಿಂತು ಕಾರ್ಯದರ್ಶಿಗಳಿಗೆ ಫೋನು ಹಚ್ಚಿದರು. “ನಾಲ್ಕೂ ಕಾಲೇಜಿಗೆ ಮಾಡಸ್ರಿ. ಮಾಡಿದ ಹುಡುಗನ್ನ ಮಾತ್ರ ಬಿಡಬ್ಯಾಡ್ರಿ.”

ಆ ಕಡೆಯ ಗಡಸು ದನಿ ಎಲ್ಲರಿಗೂ ಕೇಳಿತು. “ಆತ್ರಿ. ಊಟಕ್ಕ ಏಳೂದ್ರೊಳಗ ನಾ ಅವನಿಗೆ ಫೋನ್ ಮಾಡತೇನಿ.”

ದುಂಡೇಶ ಫೋನಿನ ಪರದೆಯ ಕಡೆ ನೋಡಿದ. ಆಯಿತು, ಇನ್ನು ಫೋನೊಂದು ಎತ್ತಿದರೆ ಆಯಿತು.

ಆಗ ಚಂದಪ್ಪ ಸಾವಕಾರರು ಅಪ್ಪನ ಹೆಸರನ್ನು ಹತ್ತಿರದಿಂದ ನೋಡಬೇಕೆಂದು ಒಂದು ಕ್ಯುವೆಟ್ಟು ಕೈಗೆತ್ತಿಕೊಂಡರು. ತಿರುಗಿಸಿದರು. ಓದಿದರು. ಮತ್ತೆ ತಿರುಗಿಸಿದರು.

“ದಿವಂಗತ... ಸಾವಕಾರರ.” ದನಿ ಮೆಲ್ಲಗೆ ಏರಿತು. “ಯಾವ ಸಾವಕಾರ? ಊರಾಗ ಈಗ ಸಾವಕಾರ ಅಂದ್ರ ನಾನ! ನಾ ಇನ್ನೂ ಜೀವಂತ ಅದೇನಿ, ಕಾಣವಲ್ದೇನು?”

“ಇಲ್ರೀ ಅಪ್ಪಾರ, ಬೆಳಕ ಹಾಯಲಿ ಅಂತ...” ದುಂಡೇಶ ಶುರು ಮಾಡಿದ.

“ಬೆಳಕಿಗೆ ನಮ್ಮಪ್ಪ ಏನ್ ಅಡ್ಡ ಬಂದಿದ್ದ? ಹೆಸರ ಅಳಸೂ ಮಂದಿ ನೀವು! ಹೋದ ವರ್ಷ ಗಡಿಯಾರ ಕೊಟ್ಟೆ, ಗಡಿಯಾರ ಐತಿ, ಹೆಸರ ಇಲ್ಲ. ಇವತ್ತ ಮಷಿನ್ ಇಟ್ರ ನಾಳೆ ಪೂರಾ ವರಸಿ ಬಿಡತೀರಿ!”

ಅಮಿತ ನಡುವೆ ಬಂದ. “ಸಿಟ್ಟ ಆಗಬ್ಯಾಡ್ರಿ ಅಪ್ಪಾರ. ಹಾಲಿನ್ಯಾಗ ನೀವ ಕೊಟ್ಟ ಗಾಜಿನ ಕಪಾಟ ಐತಲ್ರಿ. ಅದರಾಗ ಇಟ್ಟು ಕೀಲಿ ಹಾಕೂಣು. ಕೀಲಿ ನಿಮ್ಮ ಕಡೇನ ಇರ್ಲಿ. ಆಗ ಯಾರು ಮುಟ್ಟತಾರ?”

ಸಾವಕಾರರ ಹುಬ್ಬು ಕೆಳಗಿಳಿದವು. ದುಂಡೇಶ ಫೋನಿನ ಪಟ್ಟಿ ಬಿಚ್ಚಲು ಕೈ ಹಾಕಿದ. ಅಷ್ಟರಲ್ಲಿ ಪ್ರಿನ್ಸಿಪಾಲರು ಅವನ ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. “ಮೇಡಂ ಹೊಂಟಾರ, ಕಾರಿನ ತನಕ ನೀವ ಬಿಟ್ಟು ಬರಬೇಕು. ನಿಮ್ಮನ್ನ ಹೊಗಳ್ಯಾರ, ನೀವ ಬರಲಿಲ್ಲಂದ್ರ ಹೆಂಗ?”

“ಸರ, ಫೋನ್ ಒಂದ...”

“ನಾ ಬಿಚ್ಚತೇನಿ, ನೀವ ಹೋಗ್ರಿ ಸರ,” ಎಂದ ಅಮಿತ.

ದುಂಡೇಶ ಹೋದ.

ಹೊರಗೆ ಬಿಸಿಲು ಕಾದ ಹಂಚಿನಂತಿತ್ತು. ಅತಿಥಿಗೆ ಬಿಸಿಲು ತಾಗಬಾರದೆಂದು ಪ್ರಿನ್ಸಿಪಾಲ್ ಚನ್ನಬಸಯ್ಯನವರು ತಮ್ಮ ಛತ್ರಿ ತರಿಸಿ, ಮೇಡಂ ತಲೆಯ ಮೇಲೆ ಗತ್ತಿನಿಂದ ಬಿಚ್ಚಿದರು. ಛತ್ರಿ ಅರಳಿತು. ಒಂದು ಪಾಲು ಇಲ್ಲದ ಜಾಗದಿಂದ ಸೂರ್ಯ ನೇರವಾಗಿ ಮೇಡಂ ಮುಖಕ್ಕೇ ಬಿದ್ದ. ಅವರು ಕಣ್ಣು ಮುಚ್ಚಿಕೊಂಡು ಕಾರು ಹತ್ತಿದರು. ಪ್ರಿನ್ಸಿಪಾಲರು ಛತ್ರಿಯನ್ನು ಒಂದು ಸುತ್ತು ತಿರುಗಿಸಿದರು. ಸೂರ್ಯ ಈಗ ಅವರ ತಲೆಯ ಮೇಲೆ ಬಂದ. ಅವರು ದುಂಡೇಶನ ಕಡೆ ನೋಡಿದರು. ಪೆಟ್ಟಿಗೆಯೊಳಗಿನ ಕಪ್ಪು ಬಟ್ಟೆಯನ್ನು ಅವರೂ ನೋಡಿದ್ದರು.

ದುಂಡೇಶ ಆ ನೋಟಕ್ಕೆ ಉತ್ತರ ಕೊಡಲು ನಿಲ್ಲಲಿಲ್ಲ. ಕೈಯಲ್ಲಿ ಫೋನಿಲ್ಲದ ಒಂದೊಂದು ಗಳಿಗೆಯೂ ಅವನ ಬೆನ್ನ ಹಿಂದೆ ನಾಯಿಯಂತೆ ಬರುತ್ತಿತ್ತು. ಓಡಿದ. ಗೇಟಿನಲ್ಲಿ ಸಾವಕಾರರ ಜೀಪು ಧೂಳೆಬ್ಬಿಸಿ ಝಳಕಿಯ ದಾರಿ ಹಿಡಿದದ್ದನ್ನು ಕಂಡ. ಪ್ರಯೋಗಶಾಲೆಯ ಮೇಜು ಬರಿದಾಗಿತ್ತು. ಹಾಲಿಗೆ ಓಡಿದ.

ಗಾಜಿನ ಕಪಾಟಿನಲ್ಲಿ, ಮಲಕಪ್ಪ ಸಾವಕಾರರ ಹಾರ ಹಾಕಿದ ಫೋಟೋದ ಪಕ್ಕದಲ್ಲಿ, ಪೆಟ್ಟಿಗೆ ಕೂತಿತ್ತು. ಅದಕ್ಕೂ ಒಂದು ಹಾರ. ಪೆಟ್ಟಿಗೆಯ ಮೇಲೆ ಪಟ್ಟಿ ಸುತ್ತಿದ ಫೋನು ಹಾಗೇ ಇತ್ತು. ಕಪಾಟಿಗೆ ಕುರಿಮರಿಯ ತಲೆಯಷ್ಟು ಬೀಗ.

“ಬಿಚ್ಚಾಕ ಬಿಡಲಿಲ್ರಿ ಸಾವಕಾರರು,” ಅಮಿತ ಕೈ ಚೆಲ್ಲಿದ. “ಅದೂ ಮಷಿನ್ ಪಾಲು, ಒಂದ ಸಾಮಾನೂ ಕಡಿಮಿ ಆಗಬಾರದು ಅಂದ್ರು. ಕೀಲಿ ದೇವರ ಜಗಲಿ ಮ್ಯಾಲ ಇಡತೇನಿ ಅಂತ ತಗೊಂಡ ಹೋದ್ರು.”

“ಅವರನ್ನ ಕರೀ! ಫೋನ್ ಮಾಡು!”

“ಸಾವಕಾರರು ಫೋನ್ ಇಟ್ಕೊಳ್ಳೂದಿಲ್ಲ. ಮುನೀಮ ಇಟ್ಕೋತಾನ.”

ಆಗ ಗಾಜಿನ ಹಿಂದೆ ಹಲಗೆ ಬಡಿಯತೊಡಗಿತು.

ಅದು ದೂರದ ಓಣಿಯಲ್ಲಿ ಬಡಿದಂತೆ ಮಂದವಾಗಿ ಕೇಳಿಸಿತು. ಪರದೆಯ ಮೇಲೆ ಮೂಡಿದ ಹೆಸರು ಈ ಸಲ ‘ಅವ್ವ’ ಆಗಿರಲಿಲ್ಲ, ಕಾರ್ಯದರ್ಶಿಗಳದಾಗಿತ್ತು.